ಬುಡದಲ್ಲಿ ನೀರು ನಿಂತರೂ ಸೋಗೆ ಬಾಡೋದು ಯಾಕೆ? ಬೇರಿನ ಸಾಗಣೆ ಪ್ರೋಟೀನುಗಳ ಬಗ್ಗೆ ಬಿಡಿಸಿ ಹೇಳಿ

ಬಸಿಗಾಲುವೆ
ಆಷಾಢದ ಮಳೆ ಹಿಡಿದ ಮೇಲೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತಗ್ಗಿನ ತೋಟಗಳಲ್ಲಿ ಪ್ರತಿವರ್ಷ ಇದೇ ಕಥೆ. ಬುಡದಲ್ಲಿ ನೀರು ನಿಂತಿರುತ್ತೆ, ಎರಡು-ಮೂರು ವರ್ಷದ ಅಡಿಕೆ ಸಸಿಯ ಸೋಗೆ ಮಾತ್ರ ನೀರೇ ಕಾಣದ ಹಾಗೆ ಜೋತು ಬಿದ್ದಿರುತ್ತೆ. ಆಮೇಲೆ ಹಳದಿಗೆ ತಿರುಗುತ್ತೆ. ಗೊಬ್ಬರ ಸಾಲದು ಅಂತ ಯೂರಿಯಾ, ಪೊಟ್ಯಾಷ್ ಹಾಕಿದರೂ ಚೇತರಿಸಿಕೊಳ್ಳಲ್ಲ. ಬೇರಿನ ಜೀವಕೋಶದ ಪೊರೆಯಲ್ಲಿರುವ ಸಾಗಣೆ ಪ್ರೋಟೀನುಗಳು ಕೈಕೊಟ್ಟರೆ ಗೊಬ್ಬರ ಇದ್ದೂ ಇಲ್ಲದ ಹಾಗೆ ಅಂತಾರೆ. ನಿಜವಾಗಿ ಸಂಬಂಧ ಇದೆಯಾ? ಸುಣ್ಣ ಹಾಕಿದರೆ ಪೊಟ್ಯಾಷ್ ಹಿಡಿಯಲ್ಲ ಅನ್ನೋ ಮಾತೂ ಇದೆ, ಅದೂ ಇದೇ ಲೆಕ್ಕವಾ? ಎಲ್ಲಿ, ಏನು, ಎಷ್ಟು ಅಂತ ಹೇಳಿದರೆ ಉಪಕಾರ.

ಮುಂಗಾರುಮೋಡ
ಬೇರು ಕೊಳೆತಿದೆ, ಅಷ್ಟೇ. ಪ್ರೋಟೀನು ಗೀಟೀನು ಎಂತಕ್ಕೆ ಮಾರಾಯ್ರೆ.

ಪೊರೆಪಾಠ
ಕೊಳೆಯೋದು ಆಮೇಲಿನ ಮಾತು. ಬೇರು ಗಟ್ಟಿಯಾಗಿ ಬೆಳ್ಳಗೆ ಇರುವಾಗಲೇ ಗಿಡ ಬಾಡೋಕೆ ಶುರುವಾಗುತ್ತೆ.

ನೀರು ಬೇರಿನ ಕೋಶದೊಳಗೆ ಹೋಗೋ ಮುಖ್ಯ ದಾರಿ ಅಕ್ವಾಪೋರಿನ್ ಅನ್ನೋ ಪ್ರೋಟೀನು. 1992ರಲ್ಲಿ ಪೀಟರ್ ಆಗ್ರೆ ಇದನ್ನು ಮನುಷ್ಯನ ಕೆಂಪು ರಕ್ತಕಣದಲ್ಲಿ ತೋರಿಸಿದರು, 2003ರಲ್ಲಿ ನೊಬೆಲ್ ಬಂತು. ಗಿಡಗಳಲ್ಲಿ ಇದರ ಬಗೆ ಜಾಸ್ತಿ. ಅರಾಬಿಡಾಪ್ಸಿಸ್ ಅನ್ನೋ ಪ್ರಯೋಗದ ಗಿಡದಲ್ಲಿ 35, ಭತ್ತದಲ್ಲಿ 33 ಜೀನುಗಳಿವೆ. ಇವುಗಳಲ್ಲಿ ಹೊರಪೊರೆಯಲ್ಲಿರೋ ಗುಂಪಿಗೆ ಒಂದು ಗುಣ ಇದೆ: ಕೋಶದೊಳಗೆ ಹುಳಿ ಜಾಸ್ತಿಯಾದರೆ ಮುಚ್ಚಿಕೊಳ್ಳುತ್ತೆ. ಒಳಬದಿಯ ಕುಣಿಕೆಯಲ್ಲಿರೋ ಹಿಸ್ಟಿಡಿನ್ ಅನ್ನೋ ಒಂದು ಅಮೈನೋ ಆಮ್ಲಕ್ಕೆ ಪ್ರೋಟಾನ್ (ಹುಳಿ ಕೊಡೋ ಹೈಡ್ರೋಜನ್ ಅಯಾನು) ಅಂಟಿತು ಅಂದರೆ ಆ ಕುಣಿಕೆ ಬಂದು ರಂಧ್ರಕ್ಕೆ ಅಡ್ಡ ಕೂರುತ್ತೆ. 2003ರಲ್ಲೇ ಇದು ಗೊತ್ತಾಗಿದೆ.

ಇನ್ನು ಹುಳಿ ಯಾಕೆ ಜಾಸ್ತಿಯಾಗುತ್ತೆ? ಮಣ್ಣಿನ ಸಂದುಗಳಲ್ಲಿ ಗಾಳಿ ಇರಬೇಕಾದ ಕಡೆ ನೀರು ತುಂಬಿದರೆ ಆಮ್ಲಜನಕ ಬರೋ ವೇಗ ಸುಮಾರು ಹತ್ತು ಸಾವಿರ ಪಟ್ಟು ಇಳಿಯುತ್ತೆ. ಉಸಿರಾಟ ಇದ್ದಾಗ ಒಂದು ಗ್ಲೂಕೋಸಿಗೆ 30ರ ಆಸುಪಾಸು ಎಟಿಪಿ (ಕೋಶ ಖರ್ಚು ಮಾಡೋ ಶಕ್ತಿಯ ಕಣ) ಸಿಗುತ್ತೆ, ಆಮ್ಲಜನಕ ಇಲ್ಲದ ಬರೀ ಹುದುಗುವಿಕೆಯಲ್ಲಿ ಸಿಗೋದು ಎರಡೇ. ಎಟಿಪಿ ಇಲ್ಲದಿದ್ದರೆ ಪ್ರೋಟಾನನ್ನು ಕೋಶದಿಂದ ಆಚೆ ತಳ್ಳೋ ಪಂಪ್ ನಿಧಾನವಾಗುತ್ತೆ, ಒಳಗೆ ಹುಳಿ ಏರುತ್ತೆ, ಅಕ್ವಾಪೋರಿನ್ ಮುಚ್ಚುತ್ತೆ. ನೀರಿನ ನಡುವೆ ನಿಂತೇ ಸೋಗೆ ಬಾಡೋದು ಹೀಗೆ.

ಮೆಣಸಿನಬಳ್ಳಿ
ವಿವರಣೆ ಚೆನ್ನಾಗಿದೆ, ಆದರೆ ಮಳೆಯಲ್ಲಿ ಬಾಡಿದ್ದಕ್ಕೆಲ್ಲ ಅಕ್ವಾಪೋರಿನ್ ಅಂತ ಕೂತರೆ ತೋಟ ಹೋಗುತ್ತೆ. ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸು ಮಳೆಗಾಲದಲ್ಲಿ ಬಾಡಿದರೆ ಮೊದಲು ಅನುಮಾನ ಪಡಬೇಕಾದ್ದು ಸೊರಗು ರೋಗ, ಅಂದರೆ ಫೈಟಾಫ್ತೋರಾ. ಎರಡಕ್ಕೂ ಒದ್ದೆ ಮಣ್ಣೇ ಕಾರಣ, ಮದ್ದು ಮಾತ್ರ ಬೇರೆ ಬೇರೆ.

ಪರೀಕ್ಷೆ ಸುಲಭ. ಬುಡದಿಂದ ಒಂದಡಿ ದೂರದಲ್ಲಿ ಮಣ್ಣು ಕೆದಕಿ ಎಳೆಬೇರು ತೆಗೆಯಿರಿ. ತುದಿ ಬೆಳ್ಳಗೆ, ಬೆರಳಲ್ಲಿ ಒತ್ತಿದರೆ ಗಟ್ಟಿ ಇದ್ದರೆ ಅದು ಉಸಿರು ಕಟ್ಟಿದ ಬೇರು, ನೀರು ಬಸಿದರೆ ಚೇತರಿಸುತ್ತೆ. ಕಪ್ಪಾಗಿ, ಹೊರಸಿಪ್ಪೆ ಕೈಗೇ ಸುಲಿದು ಬಂದರೆ ಕೊಳೆತ. ಅಂಥದ್ದಕ್ಕೆ ಬಸಿಗಾಲುವೆ ಒಂದೇ ಸಾಲದು, ಶಿಲೀಂಧ್ರನಾಶಕವೂ ಬೇಕು.

ಮುಂಗಾರುಮೋಡ
ಅದನ್ನೇ ನಾನು ಹೇಳಿದ್ದು.

ಪೊರೆಪಾಠ
ಅರ್ಧ ಹೇಳಿದ್ರಿ 😀

ಬೇರುತುದಿ
ಗೊಬ್ಬರ ಯಾಕೆ ಹಿಡಿಯಲ್ಲ ಅನ್ನೋದಕ್ಕೂ ಅದೇ ಪ್ರೋಟಾನ್ ಪಂಪ್ ಉತ್ತರ. ಗುಡ್ಡದ ಮೇಲಿನ ಟ್ಯಾಂಕಿಗೆ ನೀರೆತ್ತಿಟ್ಟರೆ ಇಳಿಯೋ ನೀರು ಸ್ಪ್ರಿಂಕ್ಲರ್ ತಿರುಗಿಸುತ್ತಲ್ಲ, ಹಾಗೆ. ಪಂಪ್ ಎಟಿಪಿ ಖರ್ಚು ಮಾಡಿ ಪ್ರೋಟಾನನ್ನು ಆಚೆ ಹಾಕುತ್ತೆ. ಅದರಿಂದ ಪೊರೆಯ ಒಳಬದಿ ಹೊರಗಿಗಿಂತ 120ರಿಂದ 180 ಮಿಲಿವೋಲ್ಟ್ ಋಣವಾಗಿ ನಿಲ್ಲುತ್ತೆ. ಉಳಿದ ಟ್ರಾನ್ಸ್‌ಪೋರ್ಟರುಗಳೆಲ್ಲ (ಸಾಗಣೆ ಪ್ರೋಟೀನುಗಳು) ಈ ವೋಲ್ಟೇಜು ಮತ್ತೆ ವಾಪಸ್ ಬರೋ ಪ್ರೋಟಾನಿನ ಮೇಲೆ ಬದುಕೋವು.

ಪೊಟ್ಯಾಷನ್ನೇ ತಗೊಳ್ಳಿ. ಕೋಶದ ಒಳಗೆ ಪೊಟ್ಯಾಸಿಯಂ ಸುಮಾರು 100 ಮಿಲಿಮೋಲಾರ್ ಇರುತ್ತೆ. ಮಣ್ಣಿನ ನೀರಲ್ಲಿ 1 ಇದ್ದರೂ ಅದು ಧನ ಅಯಾನು ಆಗಿರೋದರಿಂದ 120 ಮಿಲಿವೋಲ್ಟ್ ಸೆಳೆತಕ್ಕೇ ನೂರು ಪಟ್ಟು ಒಳಗೆ ತುಂಬಿಕೊಳ್ಳುತ್ತೆ. ಬರೀ ಚಾನೆಲ್ (ಅಯಾನು ತಾನಾಗೇ ಹರಿಯೋ ರಂಧ್ರದ ಪ್ರೋಟೀನು) ಸಾಕು, ಎಕೆಟಿ1 ಅನ್ನೋದು ಆ ಕೆಲಸ ಮಾಡುತ್ತೆ. ಮಣ್ಣಿನ ನೀರಲ್ಲಿ 0.01ಕ್ಕೆ ಇಳಿದರೆ ಅದೇ ಲೆಕ್ಕಕ್ಕೆ 240ರ ಹತ್ತಿರ ಬೇಕು, ಅಷ್ಟು ಸಿಗೋದು ಕಷ್ಟ. ಆಗ ಎಚ್‌ಎಕೆ5 ಅನ್ನೋ ಟ್ರಾನ್ಸ್‌ಪೋರ್ಟರ್ ಎದ್ದು, ಪ್ರೋಟಾನಿನ ಜೊತೆಗೆ ಪೊಟ್ಯಾಸಿಯಂ ಎಳೆದು ತರುತ್ತೆ.

ನೀರು ನಿಂತು ಪಂಪ್ ಸೋತರೆ ವೋಲ್ಟೇಜು ಬೀಳುತ್ತೆ. ವೋಲ್ಟೇಜು ಬಿದ್ದರೆ ಚಾನೆಲಿನಲ್ಲಿ ಪೊಟ್ಯಾಸಿಯಂ ಒಳಕ್ಕೆ ಬರೋ ಬದಲು ಹೊರಕ್ಕೆ ಸೋರುತ್ತೆ. ಆ ಹೊತ್ತಲ್ಲಿ ಬುಡಕ್ಕೆ ಪೊಟ್ಯಾಷ್ ಹಾಕೋದು ದುಡ್ಡು ಹಳ್ಳಕ್ಕೆ ಬಿಟ್ಟ ಹಾಗೆಯೇ.

ಗೊನೆಲೆಕ್ಕ
ಹಾಗಾದರೆ ನೈಟ್ರೇಟ್ ಋಣ ಅಯಾನು. ಒಳಗೂ ಋಣ. ಅದು ಹೇಗೆ ಒಳಗೆ ಹೋಗುತ್ತೆ?

ಬೇರುತುದಿ
@ಗೊನೆಲೆಕ್ಕ ಒಂದು ನೈಟ್ರೇಟಿಗೆ ಎರಡು ಪ್ರೋಟಾನ್ ಜೊತೆ ಕೊಟ್ಟು. ಅದಕ್ಕೇ ನೈಟ್ರೇಟ್ ಸಾಗಣೆ ದುಬಾರಿ, ಪಂಪ್ ಸೋತರೆ ಮೊದಲು ನಿಲ್ಲೋವುಗಳಲ್ಲಿ ಇದೂ ಒಂದು. ಎನ್‌ಆರ್‌ಟಿ1.1 ಅನ್ನೋ ಟ್ರಾನ್ಸ್‌ಪೋರ್ಟರನ್ನು 1993ರಲ್ಲಿ ಗುರುತಿಸಿದರು. ಅದರ ಥ್ರಿಯೊನಿನ್ ಅನ್ನೋ ಒಂದು ಅಮೈನೋ ಆಮ್ಲದ ಮೇಲೆ ಫಾಸ್ಫೇಟ್ ಕೂತರೆ ಕಡಿಮೆ ನೈಟ್ರೇಟಲ್ಲೂ ಹಿಡಿಯುತ್ತೆ, ಕಳಚಿದರೆ ಜಾಸ್ತಿ ಇದ್ದಾಗ ಮಾತ್ರ.

ಇನ್ನೊಂದು ಮಾತು. ಸಾರಜನಕ ಸಾಕು ಅನ್ನಿಸಿದಾಗ ಬೇರು ನೈಟ್ರೇಟ್ ಟ್ರಾನ್ಸ್‌ಪೋರ್ಟರುಗಳ ತಯಾರಿಕೆಯನ್ನೇ ಇಳಿಸುತ್ತೆ. ಒಂದೇ ಸಲಕ್ಕೆ ಯೂರಿಯಾ ಸುರಿದರೆ ಬೇರು ಹಿಡಿಯೋದು ಸ್ವಲ್ಪ, ಉಳಿದದ್ದು ನೈಟ್ರೇಟಾಗಿ ಮುಂದಿನ ಜಡಿಮಳೆಗೆ ಬಸಿದು ಹೋಗುತ್ತೆ. ಕಂತು ಮಾಡಿ ಹಾಕಿ ಅನ್ನೋದು ಸುಮ್ಮನೆ ಹೇಳೋ ಮಾತಲ್ಲ.

ತೋಟದಮನೆ
ಕಂತು ಅಂದ್ರಲ್ಲ, ಲೆಕ್ಕ ಇಲ್ಲೇ ಹಾಕಿಬಿಡ್ತೀನಿ, ಎಷ್ಟೋ ಜನ ಪೋಷಕಾಂಶದ ತೂಕಕ್ಕೂ ಗೊಬ್ಬರದ ತೂಕಕ್ಕೂ ಗೊಂದಲ ಮಾಡ್ಕೊಳ್ತಾರೆ. ಫಲ ಕೊಡೋ ಅಡಿಕೆ ಮರಕ್ಕೆ ವರ್ಷಕ್ಕೆ ಶಿಫಾರಸು 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಗೊಬ್ಬರದಲ್ಲಿ ಅಂದರೆ ಯೂರಿಯಾ ಸುಮಾರು 217 ಗ್ರಾಂ, ಶಿಲಾರಂಜಕ 200 ಗ್ರಾಂ, ಮ್ಯೂರಿಯೇಟ್ ಆಫ್ ಪೊಟ್ಯಾಷ್ 233 ಗ್ರಾಂ. ಜೊತೆಗೆ ಹಸಿರೆಲೆ 12 ಕೆಜಿ, ಕಾಂಪೋಸ್ಟ್ 12 ಕೆಜಿ. ಮೇ-ಜೂನಿನಲ್ಲಿ ಒಂದು ಕಂತು, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಇನ್ನೊಂದು. ಆಗುಂಬೆ ಸೀಮೆಯಂಥ ಮಳೆ ಇದ್ದರೆ ಮಳೆ ಹಿಂದೆಗೆದ ಮೇಲಿನ ಕಂತಿಗೇ ಹೆಚ್ಚು ಪಾಲು ಇಡೋದು ಜಾಣತನ. ಬುಡಕ್ಕೆ ತಾಗಿಸಿ ಅಲ್ಲ, ಬುಡದ ಸುತ್ತ ಮುಕ್ಕಾಲರಿಂದ ಒಂದು ಮೀಟರ್ ತ್ರಿಜ್ಯದ ಪಾತಿಯಲ್ಲಿ ಹರಡಿ ಮಣ್ಣು ಮುಚ್ಚಬೇಕು.

ಸಹಜಬೇಸಾಯ
ಇದೆಲ್ಲ ರಾಸಾಯನಿಕ ಗೊಬ್ಬರದವರ ಲೆಕ್ಕ. ಸಗಣಿ, ಸೊಪ್ಪು, ಜೀವಾಮೃತ ಹಾಕಿದರೆ ಬೇರು ಬೇಕಾದ್ದನ್ನು ತಾನೇ ಆರಿಸಿ ತಗೊಳ್ಳುತ್ತೆ.

ಪೊರೆಪಾಠ
@ಸಹಜಬೇಸಾಯ ಬೇರಿನ ಪೊರೆಗೆ ಅಮೋನಿಯಂ ಸಗಣಿಯಿಂದ ಬಂತೋ ಚೀಲದಿಂದ ಬಂತೋ ಗೊತ್ತಾಗಲ್ಲ, ಎರಡೂ ಎಎಂಟಿ ಗುಂಪಿನ ಟ್ರಾನ್ಸ್‌ಪೋರ್ಟರಲ್ಲೇ ಹೋಗೋದು. ಒಂದಿಷ್ಟು ಅಮೈನೋ ಆಮ್ಲವನ್ನು ಎಲ್‌ಎಚ್‌ಟಿ1 ಅನ್ನೋದು ನೇರ ಒಳಗೆ ತರುತ್ತೆ, ಅದು ನಿಮ್ಮ ಪರವಾದ ಮಾತು. ಆದರೆ "ಬೇಕಾದ್ದನ್ನೇ ಆರಿಸುತ್ತೆ" ಅನ್ನೋದು ಪೂರ್ತಿ ಸರಿಯಲ್ಲ. ಕಬ್ಬಿಣಕ್ಕೆ ಅಂತ ಇರೋ ಐಆರ್‌ಟಿ1 ಸತು, ಮ್ಯಾಂಗನೀಸ್, ಕೊನೆಗೆ ಕ್ಯಾಡ್ಮಿಯಂ ಅನ್ನೂ ಒಳಗೆ ಬಿಡುತ್ತೆ. ಭತ್ತದಲ್ಲಿ ಮ್ಯಾಂಗನೀಸಿಗೆ ಇರೋ ಎನ್‌ರಾಂಪ್5 ಕೂಡ ಕ್ಯಾಡ್ಮಿಯಂ ದಾರಿಯೇ.

ಸೊಪ್ಪಿನಬೆಟ್ಟ
ಆದರೂ ಸೊಪ್ಪನ್ನು ತಳ್ಳಿಹಾಕಬೇಡಿ. ನಮ್ಮ ಜಂಬಿಟ್ಟಿಗೆ ಮಣ್ಣಲ್ಲಿ ರಸಸಾರ (ಪಿಎಚ್) 5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ನೀರಿಗೆ ಬರುತ್ತೆ. ಅದು ಬೇರಿನ ತುದಿಯ ಬೆಳವಣಿಗೆಯನ್ನು ಗಂಟೆಗಳ ಲೆಕ್ಕದಲ್ಲಿ ನಿಲ್ಲಿಸುತ್ತೆ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಚಾನೆಲುಗಳಿಗೂ ಅಡ್ಡ ಬರುತ್ತೆ. ಕೊಳೆತ ಸೊಪ್ಪಿನಿಂದ ಬರೋ ಸಾವಯವ ಆಮ್ಲಗಳು ಈ ಅಲ್ಯೂಮಿನಿಯಮ್ಮನ್ನು ಹಿಡಿದು ಕಟ್ಟಿಹಾಕುತ್ತೆ.

ಕೆಲವು ಗಿಡಗಳು ಈ ಕೆಲಸ ತಾವೇ ಮಾಡ್ತವೆ. ಗೋಧಿಯ ಬೇರುತುದಿಯಲ್ಲಿ ಎಎಲ್‌ಎಂಟಿ1 ಅನ್ನೋ ಚಾನೆಲ್ ಮ್ಯಾಲೇಟ್ ಅನ್ನೋ ಸಾವಯವ ಆಮ್ಲವನ್ನು ಮಣ್ಣಿಗೆ ಬಿಡುತ್ತೆ, 2004ರಲ್ಲಿ ಈ ಜೀನ್ ಸಿಕ್ಕಿತು. ಜೋಳದಲ್ಲಿ ಮೇಟ್ ಗುಂಪಿನ ಪ್ರೋಟೀನು ಸಿಟ್ರೇಟ್ ಬಿಡುತ್ತೆ. ಭತ್ತದ ಉಪಾಯ ಬೇರೆ: ಎನ್‌ರಾಟ್1 ಅಲ್ಯೂಮಿನಿಯಮ್ಮನ್ನು ಕೋಶಭಿತ್ತಿಯಿಂದ ಒಳಗೇ ಎಳೆದುಕೊಳ್ಳುತ್ತೆ, ಎಎಲ್‌ಎಸ್1 ಅದನ್ನು ರಸಧಾನಿಗೆ (ಕೋಶದೊಳಗಿನ ಚೀಲ) ತಳ್ಳಿ ಬೀಗ ಹಾಕುತ್ತೆ. ಧಾನ್ಯದ ಬೆಳೆಗಳಲ್ಲಿ ಅಲ್ಯೂಮಿನಿಯಂ ತಡೆಯೋದರಲ್ಲಿ ಭತ್ತವೇ ಮುಂದು.

ಕೆಂಪುಗದ್ದೆ
ಹಾಗಾದರೆ ಗದ್ದೆಗೂ ಅಲ್ಯೂಮಿನಿಯಂ ಕಾರಣಕ್ಕೆ ಸುಣ್ಣ ಹಾಕಬೇಕಾ?

ಸೊಪ್ಪಿನಬೆಟ್ಟ
@ಕೆಂಪುಗದ್ದೆ ನೀರು ಕಟ್ಟಿದ ಗದ್ದೆಯಲ್ಲಿ ಕೆಲವು ವಾರದಲ್ಲಿ ರಸಸಾರ ತಾನಾಗೇ 6ರಿಂದ 7ರ ಕಡೆ ಏರುತ್ತೆ, ಅಲ್ಯೂಮಿನಿಯಂ ಗಟ್ಟಿಯಾಗಿ ಕೆಳಗೆ ಕೂರುತ್ತೆ. ಅಲ್ಲಿ ತೊಂದರೆ ಕೊಡೋದು ಕಬ್ಬಿಣ. ಗುಡ್ಡದ ಬುಡದ ಜವಳು ಗದ್ದೆಯಲ್ಲಿ ನೀರಿನ ಮೇಲೆ ಎಣ್ಣೆಯ ಹಾಗೆ ಬಣ್ಣದ ಪದರ, ಹಳೆ ಎಲೆಯ ತುದಿಯಿಂದ ಕಂದು ಚುಕ್ಕೆ ಬಂದರೆ ಅದು ಕಬ್ಬಿಣದ ನಂಜು. ಕರಗಿದ ಕಬ್ಬಿಣ ಐಆರ್‌ಟಿ1ರಲ್ಲಿ ಸಲೀಸಾಗಿ ಒಳಗೆ ಹೋಗುತ್ತೆ. ಭತ್ತದ ಬೇರು ಎಲೆಯಿಂದ ಬಂದ ಗಾಳಿಯನ್ನು ತುದಿಯಲ್ಲಿ ಹೊರಬಿಟ್ಟು ಕಬ್ಬಿಣವನ್ನು ತುಕ್ಕು ಮಾಡಿ ಆಚೆಯೇ ನಿಲ್ಲಿಸೋಕೆ ನೋಡುತ್ತೆ, ಬೇರು ಕೆಂಪಾಗಿ ಕಾಣೋದು ಅದಕ್ಕೇ. ಪೊಟ್ಯಾಷ್ ಕೊರತೆ ಇದ್ದರೆ ಈ ಶಕ್ತಿ ಕುಗ್ಗುತ್ತೆ. ನಡುವೆ ಒಮ್ಮೆ ನೀರು ಬಿಟ್ಟು ಗದ್ದೆ ಆರಿಸೋದು, ಪೊಟ್ಯಾಷ್ ತಪ್ಪಿಸದೆ ಕೊಡೋದು, ಗುಡ್ಡದಿಂದ ಜಿನುಗೋ ನೀರನ್ನು ಗದ್ದೆಗೆ ಬರೋ ಮೊದಲೇ ಕಾಲುವೆ ತೆಗೆದು ತಿರುಗಿಸೋದು. ಮೂರನೆಯದು ಮಾಡದೆ ಮೊದಲೆರಡು ಮಾಡಿದರೆ ಅರ್ಧ ಫಲ.

ಗೊನೆಲೆಕ್ಕ
ಭತ್ತದ ಮಾತು ಬಂದಿದ್ದಕ್ಕೆ: ದುಂಡಾಣು ಅಂಗಮಾರಿ ರೋಗಕ್ಕೂ ಟ್ರಾನ್ಸ್‌ಪೋರ್ಟರಿಗೂ ನಂಟು ಇದೆ ಅಂತಾರಲ್ಲ?

ಪೊರೆಪಾಠ
ಇದೆ, ಈ ವಿಷಯದಲ್ಲೇ ಇದು ಭಾರಿ ಸ್ವಾರಸ್ಯದ್ದು. ಕೋಶದಿಂದ ಸಕ್ಕರೆ ಹೊರಬಿಡೋ ಸ್ವೀಟ್ ಅನ್ನೋ ಗುಂಪಿನ ಪ್ರೋಟೀನುಗಳನ್ನು 2010ರಲ್ಲಿ ವಿವರಿಸಿದರು. ಈ ದುಂಡಾಣು ತನ್ನದೊಂದು ಪ್ರೋಟೀನನ್ನು ಭತ್ತದ ಕೋಶಕ್ಕೆ ಚುಚ್ಚಿ ಕಳಿಸುತ್ತೆ. ಅದು ಹೋಗಿ ಭತ್ತದ ಸ್ವೀಟ್11 ಅಥವಾ ಸ್ವೀಟ್14 ಜೀನಿನ ಮುಂಭಾಗಕ್ಕೆ ಅಂಟಿ, ಅದನ್ನು ಚಾಲೂ ಮಾಡುತ್ತೆ. ಗಿಡ ತಾನೇ ಸಕ್ಕರೆ ಸುರಿದು ರೋಗಾಣುವಿಗೆ ಊಟ ಹಾಕಿದ ಹಾಗಾಯ್ತು.

ಎಕ್ಸ್‌ಎ13 ಅನ್ನೋ ನಿರೋಧಕ ಗುಣ ಅಂದರೆ ಬೇರೇನಲ್ಲ, ಸ್ವೀಟ್11ರ ಮುಂಭಾಗದ ಡಿಎನ್‌ಎ ಅಕ್ಷರಗಳು ಬದಲಾಗಿರೋದು. ದುಂಡಾಣುವಿನ ಪ್ರೋಟೀನಿಗೆ ಅಂಟೋ ಜಾಗ ಸಿಗಲ್ಲ. ಸುಧಾರಿತ ಸಾಂಬಾ ಮಸೂರಿಯಲ್ಲಿ ಇದೂ ಸೇರಿ ಮೂರು ನಿರೋಧಕ ಜೀನುಗಳನ್ನು ತಂದಿದ್ದಾರೆ. ಜೀನನ್ನೇ ಪೂರ್ತಿ ಕೆಡಿಸಿದರೆ ಆಗಲ್ವಾ ಅಂದರೆ ಆಗಲ್ಲ, ಪರಾಗ ಬಲಿಯೋಕೆ ಅದೇ ಸ್ವೀಟ್11 ಬೇಕು, ಕಾಳು ಜೊಳ್ಳಾಗುತ್ತೆ.

ಮೆಣಸಿನಬಳ್ಳಿ
ಅಡಿಕೆಯ ಹಳದಿ ಎಲೆ ರೋಗವೂ ಇಂಥದ್ದೇ ಕಳ್ಳತನ. ಕೊಪ್ಪ, ಶೃಂಗೇರಿ ಕಡೆ ತೋಟ ತಿಂದಿದ್ದು ಫೈಟೋಪ್ಲಾಸ್ಮಾ ಅನ್ನೋ ಒಂದು ಬಗೆಯ ದುಂಡಾಣು, ಗಿಡದ ಆಹಾರನಾಳದೊಳಗೇ ವಾಸ. ಜಪಾನಿನಲ್ಲಿ ಈರುಳ್ಳಿಯ ಫೈಟೋಪ್ಲಾಸ್ಮಾದ ಜೀನೋಮ್ 2004ರಲ್ಲಿ ಓದಿದಾಗ ಅದರಲ್ಲಿ ಎಟಿಪಿ ತಯಾರಿಸೋ ಎಟಿಪಿ ಸಿಂಥೇಸ್ ಜೀನುಗಳೇ ಇರಲಿಲ್ಲ, ಆದರೆ ಹೊರಗಿನಿಂದ ಎಳೆದುಕೊಳ್ಳೋ ಟ್ರಾನ್ಸ್‌ಪೋರ್ಟರ್ ಜೀನುಗಳು ಮಾತ್ರ ದಂಡಿಯಾಗಿದ್ದವು. ಹಾಗಾಗಿ ಹಳದಿ ಕಂಡ ಕೂಡಲೇ ಗೊಬ್ಬರ ಸುರಿದರೆ ಆ ರೋಗ ವಾಸಿಯಾಗಲ್ಲ.

ಮುಂಗಾರುಮೋಡ
ಸುಣ್ಣದ ಪ್ರಶ್ನೆ ಕೇಳಿದವರು ಕಾಯ್ತಾ ಇದ್ದಾರೆ, ನೀವು ಜಪಾನಿಗೆ ಹೋದ್ರಿ.

ಮಣ್ಣುಚೀಟಿ
ಸುಣ್ಣಕ್ಕೆ ಬರ್ತೀನಿ. "ಸುಣ್ಣ ಹಾಕಿದರೆ ಪೊಟ್ಯಾಷ್ ಹಿಡಿಯಲ್ಲ" ಅನ್ನೋದರಲ್ಲಿ ಕಾಲು ಭಾಗ ಸತ್ಯ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಮೂರೂ ಒಂದಕ್ಕೊಂದು ಪೈಪೋಟಿ, ಒಂದು ಅತಿಯಾದರೆ ಇನ್ನೊಂದು ಹಿಂದೆ ಬೀಳುತ್ತೆ. ಆದರೆ ರಸಸಾರ 4.8 ಇರೋ ಮಣ್ಣಲ್ಲಿ ಬೇರಿನ ತುದಿಯೇ ಸುಟ್ಟು ಮೊಂಡಾಗಿರುವಾಗ ಪೈಪೋಟಿಯ ಮಾತೇ ಬರಲ್ಲ. ಸುಣ್ಣದಿಂದ ಅಲ್ಯೂಮಿನಿಯಂ ಕೂತು ಬೇರು ಹರಡಿದರೆ ಪೊಟ್ಯಾಷ್ ಇನ್ನೂ ಜಾಸ್ತಿಯೇ ಸಿಗುತ್ತೆ.

ನಿಜವಾಗಿ ಕೆಡೋದು ಹಾಕೋ ರೀತಿಯಲ್ಲಿ. ಸುಣ್ಣ, ಯೂರಿಯಾ ಒಟ್ಟಿಗೆ ಹಾಕ್ತಾರೆ, ಸಾರಜನಕ ಅಮೋನಿಯಾ ಗಾಳಿಯಾಗಿ ಹಾರುತ್ತೆ. ಶಿಲಾರಂಜಕದ ಜೊತೆ ಹಾಕ್ತಾರೆ, ಅದು ಕರಗೋಕೇ ಹುಳಿ ಮಣ್ಣು ಬೇಕು. ಸುಣ್ಣಕ್ಕೂ ಗೊಬ್ಬರಕ್ಕೂ ಎರಡು-ಮೂರು ವಾರ ಅಂತರ ಇಡಿ. ಏಪ್ರಿಲ್ ಕೊನೆ, ಮೇ ಮೊದಲ ಮಳೆಗೆ ಸುಣ್ಣ, ಗೊಬ್ಬರ ಆಮೇಲೆ. ಮರಕ್ಕೆ ಅರ್ಧ ಕೆಜಿ, ಎರಡು-ಮೂರು ವರ್ಷಕ್ಕೊಮ್ಮೆ. ಇದು ಕೃಷಿ ಸುಣ್ಣದ ಲೆಕ್ಕ. ಕೃಷಿ ಸುಣ್ಣದ ಶಕ್ತಿ 100 ಅಂದರೆ ಅರಳಿದ ಸುಣ್ಣದ್ದು 135, ಸುಟ್ಟ ಸುಣ್ಣದ್ದು 179, ಅದಕ್ಕೆ ತಕ್ಕಂತೆ ತೂಕ ಇಳಿಸಿ.

ಹಾಗಂತ ಪ್ರತಿವರ್ಷ ಸುಣ್ಣ ಬಡಿದು ರಸಸಾರ 6.5 ದಾಟಿಸಿದರೆ ಸತು, ಬೋರಾನ್, ಕಬ್ಬಿಣ ಸಿಗೋದು ಕಮ್ಮಿಯಾಗುತ್ತೆ.

ತೋಟದಮನೆ
ಬೋರಾನ್ ಅಂದ ಕೂಡಲೇ ಅಂಡೊಡಕ ನೆನಪಾಗುತ್ತೆ. ಕಾಯಿ ಸೀಳೋ ತೋಟದಲ್ಲಿ ಬೋರಾಕ್ಸ್ ಲೀಟರಿಗೆ 2 ಗ್ರಾಂ ಕಲಸಿ ಎಳೆಗೊನೆಗೆ ಸಿಂಪಡಿಸೋದು, ಜೊತೆಗೆ ಬಸಿಗಾಲುವೆ ಸರಿ ಮಾಡೋದು. 2 ಗ್ರಾಂಗೆ ಆಗಿದ್ದು 10 ಗ್ರಾಂಗೆ ಬೇಗ ಆಗುತ್ತೆ ಅನ್ನೋರಿಗೆ ಎಚ್ಚರಿಕೆ: ಬೋರಾನಿನಲ್ಲಿ ಕೊರತೆಗೂ ನಂಜಿಗೂ ನಡುವಿನ ಅಂತರ ಬಹಳ ಕಿರಿದು.

ಬೇರುತುದಿ
ಅದನ್ನು ಗಿಡವೇ ಎಷ್ಟು ಬಿಗಿಯಾಗಿ ನೋಡಿಕೊಳ್ಳುತ್ತೆ ಅಂದರೆ, ಬೋರಾನನ್ನು ಬೇರಿನಿಂದ ನೀರಿನ ನಾಳಕ್ಕೆ ಏರಿಸೋ ಬಿಒಆರ್1 ಪ್ರೋಟೀನನ್ನು ಬೋರಾನ್ ಜಾಸ್ತಿ ಸಿಕ್ಕ ಕೆಲವೇ ಗಂಟೆಯಲ್ಲಿ ಪೊರೆಯಿಂದ ಕಿತ್ತು ರಸಧಾನಿಗೆ ಹಾಕಿ ಕರಗಿಸಿಬಿಡುತ್ತೆ. ಅರಾಬಿಡಾಪ್ಸಿಸ್‌ನಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ. ಎಲೆಗೆ ಸಿಂಪಡಿಸಿದ್ದಕ್ಕೆ ಬೇರಿನ ಈ ಕಾವಲು ಇಲ್ಲ, ಅದಕ್ಕೇ ಅಂಚು ಸುಡುತ್ತೆ.

ಕೆಂಪುಗದ್ದೆ
ಉಮಿ ಬೂದಿ ಬಗ್ಗೆ ಯಾರೂ ಹೇಳಲಿಲ್ಲ. ಬೆಂಕಿ ರೋಗಕ್ಕೆ ಒಳ್ಳೇದು ಅಂತಾರೆ.

ಸೊಪ್ಪಿನಬೆಟ್ಟ
@ಕೆಂಪುಗದ್ದೆ ಸಿಲಿಕಾನಿನ ಕಾರಣಕ್ಕೆ. ಭತ್ತದ ಒಣತೂಕದಲ್ಲಿ ಶೇ. 10ರವರೆಗೂ ಸಿಲಿಕಾ ಇರಬಹುದು, ಅಷ್ಟು ತುಂಬಿಕೊಳ್ಳೋಕೆ ಎರಡು ಪ್ರೋಟೀನು: ಎಲ್‌ಎಸ್‌ಐ1 ಬೇರುಕೋಶದ ಹೊರಬದಿಯಲ್ಲಿ ಕೂತು ಒಳಗೆ ಬಿಡುತ್ತೆ, ಎಲ್‌ಎಸ್‌ಐ2 ಒಳಬದಿಯಲ್ಲಿ ಕೂತು ಮುಂದಕ್ಕೆ ದಾಟಿಸುತ್ತೆ. 2006 ಮತ್ತು 2007ರಲ್ಲಿ ಜಪಾನಿನ ಒಕಾಯಾಮಾದಿಂದ ಬಂದ ಕೆಲಸ (ಮತ್ತೆ ಜಪಾನ್, ಕ್ಷಮಿಸಿ @ಮುಂಗಾರುಮೋಡ). ಎಲೆಯ ಹೊರಪದರದಲ್ಲಿ ಸಿಲಿಕಾ ಗಟ್ಟಿಯಾದರೆ ಶಿಲೀಂಧ್ರ ಒಳನುಗ್ಗೋದು ಕಷ್ಟ.

ಬೂದಿಯ ಬಣ್ಣ ನೋಡಿ ಹಾಕಿ. ನಿಧಾನಕ್ಕೆ ಸುಟ್ಟ ಕಪ್ಪು, ಬೂದುಗಪ್ಪು ಬೂದಿಯಲ್ಲಿ ಸಿಲಿಕಾ ಹರಳುಗಟ್ಟಿರಲ್ಲ, ಕರಗುತ್ತೆ. ಭಾರಿ ಕಾವಿನ ಕುಲುಮೆಯಿಂದ ಬಂದ ಬಿಳಿ ಬೂದಿಯಲ್ಲಿ ಹರಳಾಗಿರುತ್ತೆ, ಗದ್ದೆಯಲ್ಲಿ ಹಾಗೇ ಬಿದ್ದಿರುತ್ತೆ. ಬೂದಿಗೆ ಯೂರಿಯಾ ಕಲಸಬೇಡಿ, ಸುಣ್ಣದ ಕಥೆಯೇ ಅದಕ್ಕೂ.

ಹಸಿರುಹನಿ
ಅಂಗಡಿಯಲ್ಲಿ ಈಗ "ಬೇರಿನ ಟ್ರಾನ್ಸ್‌ಪೋರ್ಟರ್ ಚುರುಕು ಮಾಡುತ್ತೆ" ಅಂತ ಹ್ಯೂಮಿಕ್ ಬಾಟಲಿ ಮಾರ್ತಾರೆ. ಸುಳ್ಳಾ?

ಪೊರೆಪಾಠ
ಪೂರ್ತಿ ಸುಳ್ಳಲ್ಲ. ಮೆಕ್ಕೆಜೋಳದ ಬೇರಿನ ಮೇಲೆ ಹ್ಯೂಮಿಕ್ ಅಂಶಗಳು ಪ್ರೋಟಾನ್ ಪಂಪನ್ನು ಹೆಚ್ಚಿಸಿದ್ದು ಪ್ರಯೋಗಾಲಯದಲ್ಲಿ ಕಂಡಿದೆ. ಆದರೆ ಪಂಪಿಗೆ ಎಟಿಪಿ ಬೇಕು, ಎಟಿಪಿಗೆ ಆಮ್ಲಜನಕ ಬೇಕು. ನೀರು ನಿಂತ ತೋಟಕ್ಕೆ ಬಾಟಲಿ ಸುರಿಯೋ ಬದಲು ಅದೇ ದುಡ್ಡಿಗೆ ಎರಡು ಆಳು ಕರೆದು ಕಾಲುವೆಯ ಹೂಳು ತೆಗೆಸಿ.

ಮುಂಗಾರುಮೋಡ
ಆಳು ಸಿಗೋದಾದರೆ!

ಬಸಿಗಾಲುವೆ
ಎಲ್ಲರಿಗೂ ಉಪಕಾರ. ಇನ್ನೊಂದೇ ಕೇಳ್ತೀನಿ: ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಪೊಟ್ಯಾಷ್ "ಮಧ್ಯಮ" ಅಂತಿದ್ದು, ಎಲೆಯಲ್ಲಿ ಕೊರತೆ ಕಂಡರೆ ಯಾವುದನ್ನು ನಂಬೋದು?

ಮಣ್ಣುಚೀಟಿ
@ಬಸಿಗಾಲುವೆ ಎರಡನ್ನೂ. ಮಧ್ಯಮ ಅಂದರೆ ಹೆಕ್ಟೇರಿಗೆ 144ರಿಂದ 336 ಕೆಜಿ, ಅಷ್ಟು ಅಗಲದ ಪಟ್ಟಿ. 150 ಇದ್ದರೂ ಮಧ್ಯಮ, 330 ಇದ್ದರೂ ಮಧ್ಯಮ, ಹಾಗಾಗಿ ಪದ ಬಿಟ್ಟು ಅಂಕಿ ನೋಡಿ. ಮತ್ತೆ ಚೀಟಿ ಹೇಳೋದು ಮಣ್ಣಲ್ಲಿ ಎಷ್ಟಿದೆ ಅಂತ, ಬೇರು ಎಷ್ಟು ಎಳೆದುಕೊಳ್ತು ಅಂತಲ್ಲ. ಅಮೋನಿಯಂ ಜಾಸ್ತಿ ಇದ್ದರೆ ಎಚ್‌ಎಕೆ5 ಕುಗ್ಗುತ್ತೆ. ಒದ್ದೆ ಹುಳಿ ಮಣ್ಣಲ್ಲಿ ಅಮೋನಿಯಂ ನೈಟ್ರೇಟಾಗೋದು ನಿಧಾನ, ಅಲ್ಲಿ ಯೂರಿಯಾ ಒಂದೇ ಕಂತಿಗೆ ಹಾಕಿದ್ದರೆ ಪೊಟ್ಯಾಷ್ ಇದ್ದೂ ಎಲೆಗೆ ಏರಲ್ಲ.

ಮಾದರಿ ತೆಗೆಯೋದನ್ನೂ ಸರಿ ಮಾಡಿ. ಗೊಬ್ಬರ ಹಾಕಿ ಮೂರು ತಿಂಗಳಾಗಿರಬೇಕು. ಬುಡದಿಂದ ಎರಡು-ಎರಡೂವರೆ ಅಡಿ ದೂರ, ಮೇಲಿನ ಸೊಪ್ಪು ಸರಿಸಿ, ಒಂದಡಿ ಆಳದವರೆಗಿನ ಮಣ್ಣು ಒಂದು ಚೀಲ, ಒಂದರಿಂದ ಎರಡಡಿಯದು ಬೇರೆ ಚೀಲ. ತಗ್ಗಿನ ಸಾಲು, ಎತ್ತರದ ಸಾಲು ಬೆರೆಸಬೇಡಿ.

ಬಸಿಗಾಲುವೆ
ತಗ್ಗಿನದೂ ಎತ್ತರದ್ದೂ ಬೆರೆಸಿಯೇ ಕೊಡೋದು ಎಲ್ಲ ಕಡೆ ರೂಢಿ.

ಮಣ್ಣುಚೀಟಿ
ಹಾಗೆ ಬೆರೆಸಿದ ಚೀಟಿ ಎರಡೂ ಸಾಲಿಗೆ ಅನ್ವಯಿಸಲ್ಲ. ಬೇರೆ ಬೇರೆ ಚೀಲ, ಮೇಲೆ ಸಾಲಿನ ಗುರುತು ಬರೆದು ಕೊಡಿ.